ಗ್ರಂಥಾಲಯ ವಿಜ್ಞಾನದ ಸಂಶೋಧನೆಗೆ ಹೆಸರಾಂತ ಪ್ರಶಸ್ತಿಗಳು ಇವೆಯೇ?

ಇವೆ. ಆದರೆ ಗ್ರಂಥಪಾಲಕರ ಸೇವೆಗೆ ಸಲ್ಲುವ ಸನ್ಮಾನ ಬೇರೆ, ಸಂಶೋಧನೆಗೆ ಸಲ್ಲುವ ಗೌರವ ಬೇರೆ. ಎರಡನೆಯ ಬಗೆಯಲ್ಲಿ ನಾನು ಮೊದಲು ಹೆಸರಿಸುವುದು ಡೆರೆಕ್ ಡಿ ಸೊಲ್ಲಾ ಪ್ರೈಸ್ ಪದಕವನ್ನು. ಪ್ರೈಸ್ ಮೂಲತಃ ಭೌತಶಾಸ್ತ್ರ ಓದಿ ವಿಜ್ಞಾನದ ಇತಿಹಾಸಕಾರರಾದವರು. ವಿಜ್ಞಾನದ ಬೆಳವಣಿಗೆಯನ್ನೂ ಅಂಕಿಅಂಶಗಳಿಂದ ಅಳೆಯಬಹುದೆಂದು ತೋರಿಸಿದರು. 1983ರಲ್ಲಿ ಅವರು ತೀರಿಕೊಂಡ ಮರುವರ್ಷವೇ, ವಿಜ್ಞಾನವನ್ನು ಹೀಗೆ ಅಳೆಯುವ ಅಧ್ಯಯನಗಳಿಗೆ ಮೀಸಲಾದ ‘ಸೈಂಟೊಮೆಟ್ರಿಕ್ಸ್’ ಪತ್ರಿಕೆ ಅವರ ಹೆಸರಿನ ಪದಕವನ್ನು ಆರಂಭಿಸಿತು. ಮೊದಲು ಅದನ್ನು ಪಡೆದವರು ಯೂಜೀನ್ ಗಾರ್‌ಫೀಲ್ಡ್. ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂದು ಹುಡುಕಿಕೊಡುವ ಉಲ್ಲೇಖ ಸೂಚಿಯನ್ನು ರೂಪಿಸಿದವರು ಅವರೇ. 1995ರಲ್ಲಿ ಈ ಪದಕ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರಿಗೆ ಸಂದಿತು. ಗ್ರಂಥಾಲಯ ವಿಜ್ಞಾನದ ಆಚೆಗಿನವರಿಗೂ ಬಾಗಿಲು ತೆರೆದಿರುವುದೇ, ನನ್ನ ಮಟ್ಟಿಗೆ, ಇದರ ಹಿರಿಮೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ನಮ್ಮ ಎಸ್.ಆರ್. ರಂಗನಾಥನ್ ಅವರ ಹೆಸರಿನಲ್ಲಿಯೂ ವರ್ಗೀಕರಣದ, ಅಂದರೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ವಿಧಾನದ, ಸಂಶೋಧನೆಗೆಂದೇ ಒಂದು ಅಂತರರಾಷ್ಟ್ರೀಯ ಪ್ರಶಸ್ತಿ ಇತ್ತು. 1976ರಲ್ಲಿ ಅದು ‘ಪ್ರೆಸಿಸ್’ ಎಂಬ ವಿಷಯಸೂಚಿ ಪದ್ಧತಿಯನ್ನು ರೂಪಿಸಿದ ಬ್ರಿಟನ್ನಿನ ಡೆರೆಕ್ ಆಸ್ಟಿನ್ ಅವರಿಗೆ ದೊರೆಯಿತು. ಅಂದಹಾಗೆ, ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಅಲ್ಲಿ ಕಟ್ಟಿದ ಸಂಶೋಧನಾ ಕೇಂದ್ರ ಇಂದಿಗೂ ನಡೆಯುತ್ತಿದೆ.