ಬೇಸಿಗೆಯ ಬೆಟ್ಟಕ್ಕೆ ಹಗುರ ಸಾಫ್ಟ್ ಶೆಲ್: ಮಳೆಗೆಂದು ಕೊಳ್ಳಬೇಡಿ, ಬೆವರಿಗೆಂದು ಕೊಳ್ಳಿ

ವೇಲ್ಸಿನ ಬೆಟ್ಟಗಳಲ್ಲಿ ಬೇಸಿಗೆಯ ನಡಿಗೆಗೂ ಸುಲಭದ ಬಂಡೆ ಹತ್ತುವುದಕ್ಕೂ ಒಂದೇ ಸಾಫ್ಟ್ ಶೆಲ್ (ಮೆದು ಬಟ್ಟೆಯ ಹೊರ ಅಂಗಿ) ಜಾಕೆಟ್ ಸಾಕೇ, ಅದಿದ್ದರೆ ಮಳೆ ಜಾಕೆಟ್ಟನ್ನು ಮನೆಯಲ್ಲೇ ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬಾರದು. ಬೆಂಗಳೂರಿನಿಂದ ಮ್ಯಾಂಚೆಸ್ಟರಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಆಗ ಕೊಂಡದ್ದು ಒಳಗೆ ಉಣ್ಣೆಯಂತಹ ತೆಳು ಫ್ಲೀಸ್ ಬಟ್ಟೆ, ನಡುವೆ ಗಾಳಿ ತಡೆಯುವ ಪೊರೆ, ಹೊರಗೆ ನೀರು ಜಾರಿಸುವ ಬಟ್ಟೆ, ಹೀಗೆ ಮೂರು ಪದರ ಸೇರಿಸಿ ಅಂಟಿಸಿದ ಜಾಕೆಟ್. ಗಾಳಿ ತಡೆಯುತ್ತದೆ, ನೀರು ತಡೆಯುತ್ತದೆ, ಬೆವರನ್ನು ಹೊರಬಿಡುತ್ತದೆ ಎಂದು ಅದರ ಚೀಟಿಯ ಮೇಲಿತ್ತು, ಮೂರನ್ನೂ ನಂಬಿದೆ.

ಅದನ್ನು ತೊಟ್ಟು ಹೋದದ್ದು ಉತ್ತರ ವೇಲ್ಸಿನ ಎರೆರಿ (ಸ್ನೋಡೋನಿಯಾ) ಬೆಟ್ಟಸೀಮೆಯಲ್ಲಿರುವ ಇಡ್ವಾಲ್ ಸ್ಲ್ಯಾಬ್ಸ್ ಎಂಬ ಓರೆ ಬಂಡೆಗೆ. 1915ರಲ್ಲಿ ಮೊದಲ ಬಾರಿಗೆ ಹತ್ತಿದ ‘ಹೋಪ್’ ಎಂಬ ಹಳೆಯ ದಾರಿ ಅಲ್ಲಿದೆ. ಹಗ್ಗ ಕಟ್ಟಿ ಹಲವು ಪಿಚ್‌ಗಳಲ್ಲಿ, ಅಂದರೆ ಒಂದೊಂದು ಹಗ್ಗದಳತೆಯ ಹಂತಗಳಲ್ಲಿ, ಹತ್ತುವುದನ್ನು ಕಲಿಯುವವರಿಗೆ ತಕ್ಕ ದಾರಿ. ಕಾರು ನಿಲ್ಲಿಸಿದ ಕಡೆ ಕಣಿವೆಯ ಗಾಳಿ ಜೋರಾಗಿದ್ದುದರಿಂದ ಜಾಕೆಟ್ ತೊಟ್ಟು ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡು ಹೊರಟೆ. ಬೆನ್ನ ಮೇಲೆ ಹಗ್ಗ ಮತ್ತು ಹತ್ತುವ ಲೋಹದ ಸಾಮಾನು, ಕಾಲಡಿ ಏರುದಾರಿ. ಬಂಡೆಯ ಕೆಳಗಿನ ಸರೋವರದ ದಡ ಮುಟ್ಟುವ ಹೊತ್ತಿಗೆ ಬೆನ್ನು ಪೂರ್ತಿ ತೊಯ್ದಿತ್ತು. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ.

ಇಲ್ಲಿ ಆದದ್ದೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಪೊರೆಯಿರುವ ಬಟ್ಟೆಯಲ್ಲಿ ಗಾಳಿ ಹಾಯುವುದೇ ಇಲ್ಲ, ಅಥವಾ ಹಾಯ್ದರೂ ತೀರ ಕಡಿಮೆ. ಬೆವರಿನ ಹಬೆ ಹೊರಬೀಳಬೇಕಾದರೆ ಒಳಗಿನ ಹಬೆಯ ಒತ್ತಡ ಹೊರಗಿನದಕ್ಕಿಂತ ಸಾಕಷ್ಟು ಹೆಚ್ಚಾಗಿರಬೇಕು. ಆ ವ್ಯತ್ಯಾಸವೇ ಹಬೆಯನ್ನು ಪೊರೆಯಾಚೆಗೆ ತಳ್ಳುವ ಬಲ. ಬೇಸಿಗೆಯಲ್ಲಿ ಹೊರಗಿನ ಗಾಳಿಯೂ ಬೆಚ್ಚಗೆ, ತೇವವಾಗಿ ಇರುವುದರಿಂದ ವ್ಯತ್ಯಾಸ ಕುಗ್ಗುತ್ತದೆ. ಅದೇ ಹೊತ್ತಿಗೆ ಏರುದಾರಿಯಲ್ಲಿ ಹೊರೆ ಹೊತ್ತ ಮೈ ಗಂಟೆಗೆ ಅರ್ಧ ಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆವರು ಸುರಿಸುತ್ತದೆ. ಹೊರಬೀಳುವುದಕ್ಕಿಂತ ಉತ್ಪತ್ತಿಯೇ ಹೆಚ್ಚಾದಾಗ ಉಳಿದದ್ದು ಒಳಗೇ ನೀರಾಗಿ ಫ್ಲೀಸಿನಲ್ಲಿ ಕೂರುತ್ತದೆ. ಮುಂದಿನ ಜಿಪ್ಪನ್ನು ತೆರೆದರೂ ಚೀಲ ಒತ್ತಿಕೊಂಡ ಬೆನ್ನಿಗೆ ಏನೂ ಪ್ರಯೋಜನವಾಗುವುದಿಲ್ಲ. ಪೊರೆಯಿಲ್ಲದ, ಒತ್ತಾಗಿ ನೇಯ್ದ ಬಟ್ಟೆಯಲ್ಲಾದರೋ ನೂಲಿನ ಸಂದುಗಳಲ್ಲಿ ಗಾಳಿಯೇ ಹಾದುಹೋಗಿ ಹಬೆಯನ್ನು ಜೊತೆಗೆ ಒಯ್ಯುತ್ತದೆ. ನಾನು ಕಾಸು ಕೊಟ್ಟು ಕೊಂಡಿದ್ದ ‘ಗಾಳಿ ಪೂರ್ತಿ ತಡೆಯುವ’ ಗುಣವೇ ನನ್ನನ್ನು ಒದ್ದೆ ಮಾಡಿತ್ತು.

ಒದ್ದೆಯಾದದ್ದರಿಂದ ನಡೆಯುವಾಗ ತೊಂದರೆಯಾಗಲಿಲ್ಲ, ನಿಂತಾಗ ಆಯಿತು. ಬಂಡೆ ಹತ್ತುವವನು ದಿನದ ಅರ್ಧ ಹೊತ್ತು ನಿಂತೇ ಇರುತ್ತಾನೆ. ಜೊತೆಗಾರ ಮೇಲಿನ ಪಿಚ್ ಹತ್ತುತ್ತಿದ್ದಾಗ ನಾನು ಕಿರಿದಾದ ಕಟ್ಟೆಯ ಮೇಲೆ ನಿಂತು ಹಗ್ಗ ಬಿಡುತ್ತಿದ್ದೆ. ಆ ಕಣಿವೆ ಉತ್ತರಕ್ಕೆ ತೆರೆದುಕೊಂಡಿರುವುದರಿಂದ ಬೆಳಗಿನ ಹೊತ್ತು ಬಂಡೆಗೆ ಬಿಸಿಲಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಸೆಳೆದೊಯ್ಯುತ್ತದೆ ಎಂಬುದನ್ನು ಓದಿದ್ದೆ, ಅಲ್ಲಿ ಅನುಭವಿಸಿದೆ. ಮೊದಲು ಹೆಗಲು ನಡುಗಿತು, ಆಮೇಲೆ ಬೆರಳು ಮರಗಟ್ಟಿದವು. ಮೇಲಿನಿಂದ ಕೂಗು ಬಂದಾಗ ಹಗ್ಗ ಸಿಕ್ಕಿಸುವ ಲೋಹದ ಕೊಂಡಿಯಾದ ಕ್ಯಾರಬಿನರಿನ ತಿರುಪನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಸಡಿಲಿಸಲು ಆಗಲಿಲ್ಲ; ಅಂಗೈಗಳ ನಡುವೆ ಒತ್ತಿ ತಿರುಗಿಸಬೇಕಾಯಿತು. ಹಗ್ಗದ ತುದಿಯಲ್ಲಿ ಇನ್ನೊಬ್ಬರ ಜೀವ ಇರುವಾಗ ಕೈಬೆರಳು ಮಾತು ಕೇಳದಿರುವುದು ಸಣ್ಣ ವಿಷಯವಲ್ಲ. ಅಷ್ಟಕ್ಕೇ ನಿಲ್ಲಿಸಿ ಇಳಿದೆವು. ದೂರದ ಊರಿನಿಂದ ರಜೆ ಹಾಕಿ ಬಂದಿದ್ದ ಜೊತೆಗಾರನಿಗೆ ಅದೊಂದೇ ಒಳ್ಳೆಯ ಹವೆಯ ದಿನವಾಗಿತ್ತು.

ನಮ್ಮ ಕಡೆಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಎರೆರಿಯ ಕ್ರಿಬ್ ಗೋಖ್ ಎಂಬ ಬೆಟ್ಟದ ಏಣಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಆಗುಂಬೆಯಲ್ಲಿ ಅದಕ್ಕಿಂತ ಹೆಚ್ಚು. ಆದರೆ ಕುಮಾರ ಪರ್ವತದಲ್ಲಿ ನೆನೆದವನು ನಡೆಯುತ್ತ ನಡೆಯುತ್ತ ಬೆಚ್ಚಗಾಗುತ್ತಾನೆ. ಇಲ್ಲಿ ಏರಿದ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. ಸರೋವರದ ಬಳಿ 14 ಡಿಗ್ರಿ ಇದ್ದರೆ 1,000 ಮೀಟರಿನ ಗ್ಲಿಡರ್ ವಾವ್ರ್ ಶಿಖರದ ತಲೆಯ ಮೇಲೆ 10 ಡಿಗ್ರಿಯೂ ಇರದು, ಮೇಲೆ ಗಾಳಿ ಬೇರೆ. ಜುಲೈ ತಿಂಗಳಲ್ಲೂ ಇದೇ ಕಥೆ.

ಆದ್ದರಿಂದ ‘ಒಂದೇ ಜಾಕೆಟ್’ ಎಂಬ ನಿಮ್ಮ ಲೆಕ್ಕವನ್ನೇ ಕೈಬಿಡಿ. ಸಾಫ್ಟ್ ಶೆಲ್‌ನ ಹೊರಮೈ ಲೇಪನ ತುಂತುರನ್ನು ಹತ್ತು ಹದಿನೈದು ನಿಮಿಷ ಜಾರಿಸುತ್ತದೆ. ಹೊಲಿಗೆಗಳಿಗೆ ಒಳಗಿನಿಂದ ಪಟ್ಟಿ ಅಂಟಿಸಿರುವುದಿಲ್ಲವಾದ್ದರಿಂದ ನಿಜವಾದ ಮಳೆ ಹೆಗಲ ಹೊಲಿಗೆಯಿಂದಲೇ ಒಳಗಿಳಿಯುತ್ತದೆ. ಪೊರೆಯಿಲ್ಲದ, ಫ್ಲೀಸ್ ಇಲ್ಲದ, 300 ಗ್ರಾಂ ಆಸುಪಾಸಿನ, ಸ್ವಲ್ಪ ಹಿಗ್ಗುವ ತೆಳು ಸಾಫ್ಟ್ ಶೆಲ್ ಒಂದನ್ನು ತೆಗೆದುಕೊಂಡು, ಉಳಿದ ಹಣದಲ್ಲಿ ಅಷ್ಟೇ ಹಗುರದ ಮಳೆ ಜಾಕೆಟ್ ಕೊಂಡು ಅದನ್ನು ಚೀಲದಲ್ಲಿ ಯಾವಾಗಲೂ ಇಟ್ಟಿರಿ. ಎರಡೂ ಸೇರಿ ನನ್ನ ಹಳೆಯ ಮೂರು ಪದರದ್ದಕ್ಕಿಂತ ಹೆಚ್ಚು ಭಾರವಿಲ್ಲ.

ನೀವು ಬರೀ ನಡೆಯುವವರಾಗಿದ್ದರೆ ಸಾಫ್ಟ್ ಶೆಲ್ ಕೂಡ ಬೇಡ ಎಂದೇ ಹೇಳುತ್ತಿದ್ದೆ. 100 ಗ್ರಾಂ ತೂಗುವ ತೆಳು ಗಾಳಿ ಅಂಗಿ ಸಾಕು, ಮಡಿಸಿದರೆ ಮುಷ್ಟಿಯಲ್ಲಿ ಹಿಡಿಯುತ್ತದೆ. ಆದರೆ ಬಂಡೆಯನ್ನೂ ಹತ್ತುತ್ತೇನೆ ಎಂದಿದ್ದೀರಿ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಸೀಮೆಯ ಒರಟು ಮರಳುಗಲ್ಲಿಗೆ ಮೊಣಕೈ ಒಮ್ಮೆ ಉಜ್ಜಿದರೆ ಆ ತೆಳು ಬಟ್ಟೆ ಹರಿದುಹೋಗುತ್ತದೆ, ಸಾಫ್ಟ್ ಶೆಲ್ ತಾಳಿಕೊಳ್ಳುತ್ತದೆ. ಅದಕ್ಕೆ ಹಣ ಕೊಡುವುದು ಈ ಕಾರಣಕ್ಕಾಗಿ, ಮಳೆಗಾಗಿ ಅಲ್ಲ. ಸ್ಕಾಟ್ಲೆಂಡಿಗೂ ಹೋಗುವಿರಾದರೆ ಇನ್ನೊಂದು ಲಾಭವಿದೆ: ಬೇಸಿಗೆಯ ಸಂಜೆ ಮುತ್ತಿಕೊಳ್ಳುವ ಮಿಜ್ ನುಸಿಗಳು ಒತ್ತಾದ ನೇಯ್ಗೆಯ ಮೂಲಕ ಕಚ್ಚಲಾರವು.

ಬಳಕೆಯಲ್ಲಿ ಒಂದೇ ನಿಯಮ: ಹೊರಡುವಾಗ ಸ್ವಲ್ಪ ಚಳಿ ಎನಿಸಬೇಕು. ಹತ್ತು ನಿಮಿಷ ನಡೆದ ಮೇಲೆ ಆ ಚಳಿ ಹೋಗುತ್ತದೆ. ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರವ ಹಾಕಬೇಡಿ, ಅದು ಲೇಪನವನ್ನು ಕೆಡಿಸುತ್ತದೆ. ಈಗ ಬರುತ್ತಿರುವ, ಪಿಎಫ್‌ಎಎಸ್ (ನೀರು, ಜಿಡ್ಡು ತಡೆಯುವ ರಾಸಾಯನಿಕಗಳು) ಇಲ್ಲದ ಲೇಪನಗಳು ಮೈಜಿಡ್ಡನ್ನು ಹಳೆಯವುಗಳಷ್ಟು ತಡೆಯುವುದಿಲ್ಲ. ಆದ್ದರಿಂದ ಕೊರಳಪಟ್ಟಿ ಕೊಳೆಯಾದ ಕೂಡಲೇ ಒಗೆದು, ಚೀಟಿಯಲ್ಲಿ ಅನುಮತಿಯಿದ್ದರೆ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಒಣಗಿಸಿ. ನೀರು ಮತ್ತೆ ಹನಿಯಾಗಿ ಉರುಳುತ್ತದೆ.

ಕೊಳ್ಳಲು ಹೋಗುವಾಗ ನಿಮ್ಮ ಹಾರ್ನೆಸ್ (ಹಗ್ಗ ಕಟ್ಟುವ ಸೊಂಟಪಟ್ಟಿ) ಮತ್ತು ಹೆಲ್ಮೆಟ್ಟನ್ನು ಜೊತೆಗೇ ಒಯ್ಯಿರಿ. ಅಂಗಡಿಯಲ್ಲೇ ಹಾರ್ನೆಸ್ ಬಿಗಿದು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ; ಜಾಕೆಟ್ಟಿನ ಅಂಚು ಸೊಂಟಪಟ್ಟಿಯಡಿಯಿಂದ ಮೇಲೆದ್ದು ಬಂದರೆ ಅದು ನಿಮಗಲ್ಲ. ಜೇಬುಗಳ ಬಾಯಿ ಪಟ್ಟಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಬಂಡೆಯ ನಡುವೆ ಅವು ತೆರೆಯುವುದಿಲ್ಲ. ಟೊಪ್ಪಿಗೆಯನ್ನು ಹೆಲ್ಮೆಟ್ಟಿನ ಮೇಲೆ ಎಳೆದು, ಜಿಪ್ಪನ್ನು ಪೂರ್ತಿ ಹಾಕಿ, ಹಗ್ಗ ನೋಡುವವರಂತೆ ಕತ್ತೆತ್ತಿ ನೋಡಿ. ಕತ್ತು ಎಳೆದಂತಾದರೆ ಒಂದು ಅಳತೆ ದೊಡ್ಡದನ್ನು ಕೇಳಿ.