ಮೇಷ್ಟ್ರಿಗೊಂದು ಪ್ರಶ್ನೆ: ಹಳೇ ಬುಲೆಟ್ಟಿನ ಆಯಿಲ್ ಟ್ಯಾಂಕಿನಲ್ಲಿ ಗಸಿ

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನಮ್ಮ ಮಾವನವರ 1984ರ ಬುಲೆಟ್ 350 ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್ ಆಯಿಲ್ ಬದಲಿಸೋಣ ಅಂತ ಪ್ಲಗ್ ಬಿಚ್ಚಿದರೆ ಮೊದಲು ಏನೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಕಪ್ಪಗೆ, ಮಂದವಾಗಿ ಗಸಿ ಇಳಿಯಿತು. ನಮ್ಮೂರಿನ ಮೆಕ್ಯಾನಿಕ್ಕು ಡೀಸೆಲ್ ತುಂಬಿ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಎಲ್ಲ ತೊಳೆದು ಹೋಗುತ್ತದೆ ಅನ್ನುತ್ತಾರೆ. ಮಾಡಬಹುದಾ?
— ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಡೀಸೆಲ್‌ನಲ್ಲಿ ಎಂಜಿನ್ ಓಡಿಸಬೇಡಿ. ಬಿಗ್ ಎಂಡ್ ಅಂದರೆ ಪಿಸ್ಟನ್ನಿನ ರಾಡು ಕ್ರಾಂಕ್‌ಶಾಫ್ಟಿಗೆ, ಅಂದರೆ ಎಂಜಿನ್ನಿನ ತಿರುಗುವ ದಂಡಕ್ಕೆ, ಸೇರುವ ಕೀಲು. ಆ ಕಾಲದ ಬುಲೆಟ್ಟಿನ ಬಿಗ್ ಎಂಡ್‌ನಲ್ಲಿ ರೋಲರ್ ಬೇರಿಂಗ್ ಇಲ್ಲ, ತಿರುಗುವ ಬುಷ್ ಇದೆ, ಲೋಹದ ಬಳೆಯಂಥದ್ದು. ಆ ಬುಷ್ ಬದುಕೋದೇ ಆಯಿಲ್ ಪದರದ ಮೇಲೆ. ಡೀಸೆಲ್ ನೀರಿನ ಹಾಗೆ ತೆಳು, ಆ ಪದರ ನಿಲ್ಲುವುದಿಲ್ಲ. ಗಸಿ ಹೋಗುವ ಮುಂಚೆ ಬುಷ್ ಹೋಗುತ್ತದೆ.

ಮೊದಲು ಹೊರಗೆ ಬಂದ ಗಸಿಯನ್ನು ಚೆಲ್ಲಬೇಡಿ. ಒಂದು ಹಳೇ ತಟ್ಟೆಗೆ ಹಾಕಿ ಬಿಸಿಲಲ್ಲಿ ನೋಡಿ. ಗಸಿ ನೋಡದೆ ತೊಳೆಯಲು ಹೊರಡುವವರೇ ಜಾಸ್ತಿ. ನನ್ನ ಹತ್ತಿರ ಕಲಿತ ಹುಡುಗರಿಗೂ ಇದನ್ನೇ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೆ. ಬರೀ ಕಪ್ಪಗೆ, ನುಣ್ಣಗೆ ಇದ್ದರೆ ಅದು ಮಸಿ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಹೊಗೆ, ಸುಟ್ಟ ಆಯಿಲ್, ಎಲ್ಲ ಸೇರಿ ತಳ ಕಟ್ಟಿದ್ದು. ಬೆಳ್ಳಗೆ, ನೊರೆನೊರೆಯಾಗಿ ಇದ್ದರೆ ನೀರು ಸೇರಿದೆ ಎಂದರ್ಥ. ನಿಮ್ಮ ಕಡೆ ಮಳೆಗಾಲದಲ್ಲಿ ಇದು ಮಾಮೂಲು. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಅಂತ ಗಾಡಿ ಓಡಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಕೂತ ತೇವ ಆವಿಯಾಗದೆ ಆಯಿಲ್ ಜತೆ ಕಲೆಯುತ್ತದೆ. ಇವೆರಡಕ್ಕೂ ಹೆದರಬೇಕಿಲ್ಲ.

ಹೆದರಬೇಕಾದದ್ದು ಮಿಣಮಿಣ ಹೊಳೆಯುವ ಪುಡಿಗೆ. ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು, ಅಂದರೆ ಗೇರ್ ಹಲ್ಲೋ ಟ್ಯಾಪೆಟ್ಟೋ ಸವೆಯುತ್ತಿದೆ. ಹೊಳೆಯುತ್ತದೆ, ಆದರೆ ಅಂಟುವುದಿಲ್ಲ ಅಂದರೆ ಬುಷ್ ಅಥವಾ ಪಿಸ್ಟನ್ನು. ಇಂಥ ಪುಡಿ ಬೆರಳಿಗೆ ಸಿಗುವಷ್ಟಿದ್ದರೆ ತೊಳೆಯುವ ಮಾತು ಬಿಡಿ, ಎಂಜಿನ್ ಬಿಚ್ಚಿಸಿ. ಆಗ ಬಿಗ್ ಎಂಡ್ ಕೂರುವ ಕ್ರಾಂಕ್ ಪಿನ್ನಿನ ಒಳಗಿನ ಆಯಿಲ್ ದಾರಿಯನ್ನೂ ಗಾಳಿ ಹೊಡೆದು ಬಿಡಿಸಬಹುದು.

ಬರೀ ಮಸಿ ಅಂದುಕೊಳ್ಳೋಣ. ಈ ಬುಲೆಟ್ಟಿಗೆ ಆಯಿಲ್ ಟ್ಯಾಂಕ್ ಬೇರೆ ಇಲ್ಲ ಅಂತ ಕೆಲವರು ತಿಳಿದಿದ್ದಾರೆ. ಇದೆ. ಎಂಜಿನ್ನಿನ ಹಿಂಭಾಗದಲ್ಲಿ, ಕ್ರಾಂಕ್‌ಶಾಫ್ಟ್ ಕೂರುವ ಕೆಳಗಿನ ಪೆಟ್ಟಿಗೆ, ಅಂದರೆ ಕ್ರಾಂಕ್‌ಕೇಸ್, ಜತೆಗೇ ಎರಕ ಹೊಯ್ದ ಒಂದು ಕೋಣೆ. ಸುಮಾರು ಎರಡೂಕಾಲು ಲೀಟರ್ ಹಿಡಿಯುತ್ತದೆ. ಎಂಜಿನ್ನಿನ ಬಲಗಡೆಯ ಮುಚ್ಚಳ, ಅಂದರೆ ಟೈಮಿಂಗ್ ಕವರ್‌ನೊಳಗೆ ಎರಡು ಪಂಪು. ಒಂದು ಟ್ಯಾಂಕಿನಿಂದ ಆಯಿಲ್ ಎಳೆದು ಫಿಲ್ಟರ್ ಮೂಲಕ ಬಿಗ್ ಎಂಡ್‌ಗೆ ಕೊಡುತ್ತದೆ. ಇನ್ನೊಂದು ಕ್ರಾಂಕ್‌ಕೇಸಿನ ತಳಕ್ಕೆ ಇಳಿದಿದ್ದನ್ನು ವಾಪಸ್ ಎಳೆಯುತ್ತದೆ. ಮೇಲೆ ವಾಲ್ವ್ ಒತ್ತುವ ರಾಕರ್‌ಗಳಿಗೆ ಹೋಗುವ ಆಯಿಲ್ ಈ ವಾಪಸ್ ದಾರಿಯದು. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಗಾಡಿ ಸ್ಟಾರ್ಟ್ ಆಗುವ ಹಾಗಿದ್ದರೂ ಈಗ ಮಾಡಬೇಡಿ. ಕೆಳಗಿನ ಡ್ರೈನ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ. ಟ್ಯಾಂಕಿನದು ಬೇರೆ, ಕ್ರಾಂಕ್‌ಕೇಸಿನದು ಬೇರೆ. ಒಂದನ್ನೇ ಬಿಚ್ಚಿ ಆಯಿಲ್ ಬದಲಿಸಿದೆ ಅನ್ನುವವರು ಅರ್ಧ ಹಳೇ ಗಲೀಜನ್ನು ಒಳಗೇ ಇಟ್ಟುಕೊಂಡಿರುತ್ತಾರೆ. ಎಂಜಿನ್ ನಿಂತಿರುವಾಗಲೇ ಫಿಲ್ಲರ್ ಬಾಯಿಂದ ಸ್ವಲ್ಪ ಸ್ವಲ್ಪ ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಟ್ಯಾಂಕನ್ನು ತೊಳೆಯಿರಿ. ಆಯಿಲ್ ಕ್ಯಾನಿನ ಉದ್ದ ಮೂತಿಯಿಂದ ತಳದ ಮೂಲೆಗಳಿಗೆ ಚಿಮ್ಮಿಸಿದರೆ ಗಸಿ ಏಳುತ್ತದೆ. ತಂತಿಗೆ ಬಟ್ಟೆ ಸುತ್ತಿ ಉಜ್ಜುವುದು ಬೇಡ. ಒಂದೇ ಒಂದು ನೂಲೆಳೆ ಪಂಪಿನ ದಾರಿಗೆ ಸಿಕ್ಕಿಕೊಂಡರೆ ಮುಗೀತು. ಕೆಳಗೆ ಬರುವುದು ತಿಳಿಯಾದ ಮೇಲೆ ಒಂದು ರಾತ್ರಿ ಹಾಗೇ ಸೋರಲು ಬಿಡಿ. ಬೆಳಗ್ಗೆ ಅರ್ಧ ಲೀಟರ್ ಹೊಸ ಆಯಿಲ್ ಸುರಿದು ಅದನ್ನೂ ಇಳಿಸಿ. ಡೀಸೆಲ್ಲಿನ ಕೊಸರು ಅದರ ಜತೆ ಹೋಗುತ್ತದೆ. ದುಡ್ಡು ದಂಡ ಅನ್ನಿಸಬಹುದು. ಬುಷ್ ಬೆಲೆ, ಎಂಜಿನ್ ಬಿಚ್ಚುವ ಕೂಲಿ ಕೇಳಿಕೊಂಡು ಬನ್ನಿ, ಅನ್ನಿಸುವುದಿಲ್ಲ.

ಫಿಲ್ಟರ್ ಇರುವುದು ಬಲಗಡೆ, ಟೈಮಿಂಗ್ ಕವರ್‌ನ ಮುಂಭಾಗದಲ್ಲಿ. ಹಳೇದನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಇತ್ತು. ಈಗ ಹೊಸದು ಸುಲಭವಾಗಿ ಸಿಗುತ್ತದೆ, ಹೊಸದೇ ಹಾಕಿ. ಬಿಚ್ಚುವಾಗ ಸ್ಪ್ರಿಂಗು, ವಾಷರುಗಳು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಕಾಗದದ ಮೇಲೆ ಜೋಡಿಸಿಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ವಾಷರ್ ಹಿಂದೆ ಮುಂದೆ ಆದರೂ ಆಯಿಲ್ ಫಿಲ್ಟರ್ ಪಕ್ಕದಿಂದ ನುಸುಳಿ ಹೋಗುತ್ತದೆ. ನೀವು ತೊಳೆದು ಎಬ್ಬಿಸಿದ ಮಸಿಯೆಲ್ಲ ಸೀದಾ ಬಿಗ್ ಎಂಡ್‌ಗೆ!

ಇನ್ನು 20ಡಬ್ಲ್ಯೂ-50 ದರ್ಜೆಯ ಆಯಿಲ್ ತುಂಬಿ. ತಕ್ಷಣ ಸ್ಟಾರ್ಟ್ ಮಾಡಬೇಡಿ. ಪಂಪಿನಲ್ಲಿ ಈಗ ಬರೀ ಗಾಳಿ ಇದೆ. ಸ್ಪಾರ್ಕ್ ಪ್ಲಗ್ ತೆಗೆದು, ಫಿಲ್ಟರ್ ಮುಚ್ಚಳದ ನಟ್ಟನ್ನು ಸ್ವಲ್ಪ ಸಡಿಲ ಮಾಡಿ, ಕಿಕ್ಕರ್ ತುಳಿಯುತ್ತಾ ಇರಿ. ಅಲ್ಲಿ ಆಯಿಲ್ ಜಿನುಗುವವರೆಗೂ ತುಳಿಯಬೇಕು. ಜಿನುಗಿದ ಮೇಲೆ ಬಿಗಿ ಮಾಡಿ ಸ್ಟಾರ್ಟ್ ಮಾಡಿ. ಸುಮಾರು ಮೆಕ್ಯಾನಿಕ್ಕುಗಳು ಮೇಲಿನ ರಾಕರ್ ಪೈಪಿನ ಬೋಲ್ಟ್ ಸಡಿಲಿಸಿ, ಆಯಿಲ್ ಬಂತು ನೋಡಿ, ಎಲ್ಲ ಸರಿ ಅನ್ನುತ್ತಾರೆ. ಅದು ವಾಪಸ್ ಪಂಪಿನ ಆಯಿಲ್ ಅಂತ ಆಗಲೇ ಹೇಳಿದೆನಲ್ಲ. ಅದು ಬಂದ ಮಾತ್ರಕ್ಕೆ ಬಿಗ್ ಎಂಡ್‌ಗೆ ಹೋಗುತ್ತಿದೆ ಅಂತ ಆಗಲಿಲ್ಲ. ಎರಡನ್ನೂ ನೋಡಿ.

ಇನ್ನೂರು, ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಈ ಆಯಿಲನ್ನೂ ಬಿಸಿ ಇರುವಾಗಲೇ ಇಳಿಸಿ. ಉಳಿದ ಗಸಿಯನ್ನು ಹೊಸ ಆಯಿಲ್ ನಿಧಾನವಾಗಿ ಕರಗಿಸಿಕೊಂಡು ಬಂದಿರುತ್ತದೆ. ಮತ್ತೆ ತಟ್ಟೆ, ಮತ್ತೆ ಬಿಸಿಲು, ಮತ್ತೆ ಹೊಸ ಫಿಲ್ಟರ್.

ಇನ್ನೊಂದು. ಬಹಳ ದಿನ ನಿಂತ ಬುಲೆಟ್ಟಿನಲ್ಲಿ ಟ್ಯಾಂಕಿನ ಆಯಿಲ್ ಪಂಪ್ ಮೂಲಕ ಮೆಲ್ಲಗೆ ಕ್ರಾಂಕ್‌ಕೇಸಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಖಾಲಿ ತೋರಿಸುತ್ತದೆ. ಕಡಿಮೆ ಆಯಿತು ಅಂತ ಮೇಲಿಂದ ಸುರಿದರೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಉಸಿರಾಡುವ ಪೈಪು, ಬ್ರೀದರ್‌ನಿಂದ ಆಯಿಲ್ ಉಗುಳುತ್ತದೆ, ಸೈಲೆನ್ಸರ್ ಬೀದಿ ತುಂಬ ಹೊಗೆ ಬಿಡುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಅಳತೆ ನೋಡಿ.

ಪ್ರಶ್ನೆ: ಸರ್, ಅಪ್ಪನ ಯೆಜ್ಡಿ ನಾನು ಓಡಿಸುತ್ತಿದ್ದೇನೆ. ಇದಕ್ಕೂ ಎಂಜಿನ್ ಆಯಿಲ್ ಗಸಿ ತೆಗೆಸಬೇಕಾ?
— ಮೈಸೂರಿನ ಓದುಗರು

ಉತ್ತರ: ನಿಮ್ಮೂರಲ್ಲೇ ಹುಟ್ಟಿದ ಗಾಡಿ ಅದು! ಎರಡು ಸ್ಟ್ರೋಕಿನದು. ಪೆಟ್ರೋಲ್ ಜತೆ ಬೆರೆಸಿದ ಆಯಿಲ್ ತನ್ನ ಕೆಲಸ ಮಾಡಿ ಸುಟ್ಟು ಹೋಗುತ್ತದೆ, ಟ್ಯಾಂಕಿನಲ್ಲಿ ತಿರುಗುವ ಆಯಿಲ್ ಇಲ್ಲ. ಗಸಿಯ ಬದಲು ಕಾರ್ಬನ್ ಕಟ್ಟುವುದು ಎಗ್ಸಾಸ್ಟ್ ಪೋರ್ಟಿನಲ್ಲಿ, ಸೈಲೆನ್ಸರಿನ ಒಳಗೆ. ಅಲ್ಲಿ ಕೆರೆಸಿ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಮರೆಯಬೇಡಿ, ಕ್ಲಚ್ ಕೂಡ ಅದರಲ್ಲೇ ಮುಳುಗಿರುತ್ತದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. 1968ರ ಟ್ರಯಂಫ್ 650 ಕೊಂಡೆ. ಆಯಿಲ್ ಪ್ರೆಶರ್ ಚೆನ್ನಾಗಿದೆ. ಆದರೂ ಇಲ್ಲಿನವರು ‘ಸ್ಲಡ್ಜ್ ಟ್ರ್ಯಾಪ್’ ನೋಡಿದ್ದೀರಾ ಅಂತ ಕೇಳುತ್ತಾರೆ. ಏನದು?
— ಬರ್ಮಿಂಗ್‌ಹ್ಯಾಮ್‌ನ ಕನ್ನಡಿಗರು

ಉತ್ತರ: ಸರಿಯಾಗೇ ಕೇಳಿದ್ದಾರೆ. ನಿಮ್ಮ ಗಾಡಿ ತಯಾರಾದದ್ದು ನೀವಿರುವ ಊರಿಗೆ ಹತ್ತಿರದ ಮೆರಿಡನ್‌ನಲ್ಲಿ. ಆ ಎಂಜಿನ್‌ಗಳಲ್ಲಿ ಆಯಿಲ್ ದಾರಿಗೆ ಜಾಲರಿ ಮಾತ್ರ ಇತ್ತು, ಒಳ್ಳೆಯ ಫಿಲ್ಟರ್ ಇರಲಿಲ್ಲ. ಅದಕ್ಕೇ ಕ್ರಾಂಕ್‌ಶಾಫ್ಟಿನ ಒಳಗೇ ಒಂದು ಕೊಳವೆ ಇಟ್ಟರು. ಅದೇ ಸ್ಲಡ್ಜ್ ಟ್ರ್ಯಾಪ್, ಗಸಿ ಹಿಡಿಯುವ ಬಲೆ. ಶಾಫ್ಟ್ ತಿರುಗಿದಾಗ ಭಾರದ ಕಸ ಕೊಳವೆಯ ಗೋಡೆಗೆ ಸಿಡಿದು ಅಲ್ಲೇ ಕೂರುತ್ತದೆ. ಒಳ್ಳೇ ಉಪಾಯ. ಆದರೆ ತುಂಬಿದ ಮೇಲೆ ಅದೇ ಬಿಗ್ ಎಂಡ್‌ಗೆ ಹೋಗುವ ದಾರಿ ಮುಚ್ಚುತ್ತದೆ. ದಾರಿ ಮುಚ್ಚಿದರೂ ಗೇಜಿನಲ್ಲಿ ಪ್ರೆಶರ್ ಚೆನ್ನಾಗಿಯೇ ಕಾಣಬಹುದು. ಆಯಿಲ್ ಹೋಗುವ ಜಾಗ ಕಡಿಮೆಯಾಗಿದೆ, ಅಷ್ಟೇ.

ಹೊರಗಿಂದ ಏನು ಸುರಿದರೂ ಇದು ಹೋಗುವುದಿಲ್ಲ. ಎಂಜಿನ್ ಬಿಚ್ಚಲೇಬೇಕು. ಕೊಳವೆಯನ್ನು ಹಿಡಿದಿಟ್ಟಿರುವ ಫ್ಲೈವೀಲ್ ಬೋಲ್ಟನ್ನು ಮೊದಲು ತೆಗೆಯಬೇಕು, ಆಮೇಲೆ ತುದಿಯ ಪ್ಲಗ್. ಅದು ತಿರುಗದಂತೆ ಪಂಚ್ ಹೊಡೆದಿರುತ್ತಾರೆ. ಆ ಗುರುತನ್ನು ಡ್ರಿಲ್ ಮಾಡಿ, ಬಿಸಿ ಮಾಡಿ, ಇಂಪ್ಯಾಕ್ಟ್ ಡ್ರೈವರ್‌ನಿಂದ ಬಿಚ್ಚಬೇಕು. ಕೊಳವೆ ಹೊರಬಂದಾಗ ಒಳಗಿನದು ಗಟ್ಟಿ ಜೇಡಿಯಂತಿದ್ದರೂ ಆಶ್ಚರ್ಯವಿಲ್ಲ. ವಾಪಸ್ ಕೂರಿಸುವಾಗ ಕೊಳವೆಯ ತೂತು ಬೋಲ್ಟಿಗೆ ಸರಿಯಾಗಿ ಹೊಂದಬೇಕು. ಪ್ಲಗ್ಗಿಗೂ ಬೋಲ್ಟಿಗೂ ಲಾಕ್ ಮಾಡುವ ಅಂಟು ಹಾಕಿ.

ಹಿಂದಿನ ಮಾಲೀಕರ ಹತ್ತಿರ ಕ್ರಾಂಕ್ ಕೆಲಸದ ಬಿಲ್ ಇದೆಯಾ ಕೇಳಿ. ಇಲ್ಲದಿದ್ದರೆ ಈ ಚಳಿಗಾಲದಲ್ಲೇ ಎಂಜಿನ್ ಬೆಂಚಿನ ಮೇಲಿಡಿ. ಅಲ್ಲಿಯವರೆಗೆ ಜೋರಾಗಿ ಓಡಿಸಬೇಡಿ.