ಗೋವಾ ಮಾರ್ಗಸೂಚಿಯಿಂದ ಬೇಕಲಕ್ಕೇನು?

ಪ್ರಶ್ನೆ: 2023ರಲ್ಲಿ ಗೋವಾದಲ್ಲಿ ಸೇರಿದ ಜಿ-20 ಪ್ರವಾಸೋದ್ಯಮ ಸಚಿವರು ಸುಸ್ಥಿರ ಪ್ರವಾಸೋದ್ಯಮಕ್ಕೆ ‘ಗೋವಾ ಮಾರ್ಗಸೂಚಿ’ ತಂದರು. ಬೇಕಲ, ಕಾಪಿಲ್ ಕಡೆಯ ಪಂಚಾಯತುಗಳಿಗೆ ಅದರಿಂದ ಏನಾದರೂ ಸಿಗುತ್ತದೆಯೇ? ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆಯಾದ ಬ್ಲೂ ಫ್ಲಾಗ್ ಕಾಸರಗೋಡಿಗೆ ಬಂದಿದೆ ಎಂದೂ ಕೇಳಿದ್ದೆ, ನಿಜವೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಬ್ಲೂ ಫ್ಲಾಗ್ 2020ರಲ್ಲಿ ಸಿಕ್ಕಿದ್ದು ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ, ಪಡುಬಿದ್ರಿಯ ಜೊತೆಗೆ. ಹೆಸರು ಹತ್ತಿರವಾದ್ದರಿಂದ ಹಲವರಿಗೆ ಹೀಗೆ ಗೊಂದಲವಾಗುತ್ತದೆ.

ಗೋವಾ ಮಾರ್ಗಸೂಚಿ ಕಾನೂನಲ್ಲ. ಪಾಲಿಸದ ದೇಶಕ್ಕೆ ದಂಡವಿಲ್ಲ, ಪಂಚಾಯತಿಗೆ ನೇರ ಹಣವೂ ಇಲ್ಲ. ಸರಕಾರಗಳು ನಿಜವಾಗಿ ನಿಯಮಕ್ಕೆ ಕಟ್ಟುಬಿದ್ದ ಉದಾಹರಣೆ ಬೇಕಿದ್ದರೆ ಐರೋಪ್ಯ ಒಕ್ಕೂಟದ 2006ರ ಸ್ನಾನದ ನೀರಿನ ನಿರ್ದೇಶನ ನೋಡಿ. ಸದಸ್ಯ ದೇಶಗಳೆಲ್ಲ ಒಂದೇ ಅಳತೆಗೋಲಿನಲ್ಲಿ ಕಡಲ ನೀರನ್ನು ಪರೀಕ್ಷಿಸಲೇಬೇಕು. 100 ಮಿ.ಲೀ. ನೀರಿನಲ್ಲಿ ಮಲದ ಕೊಳೆಯನ್ನು ತೋರಿಸುವ ಬ್ಯಾಕ್ಟೀರಿಯಾಗಳಾದ ಇ. ಕೋಲಿ 250, ಎಂಟೆರೊಕಾಕಸ್ 100 ಮೀರದಿದ್ದರೆ ‘ಉತ್ಕೃಷ್ಟ’. ಬ್ಲೂ ಫ್ಲಾಗ್ ಕೇಳುವುದೂ ಇದನ್ನೇ. ಸರಾಸರಿ ಸಾಲದು, 95ನೇ ಪರ್ಸೆಂಟೈಲ್ ಲೆಕ್ಕ, ಅಂದರೆ ನೂರಕ್ಕೆ 95ರಷ್ಟು ಮಾದರಿಗಳು ಮಿತಿಯೊಳಗೆ ಇರಬೇಕೆಂಬ ಅಳತೆ. ಹಾಗಾಗಿ ಒಂದು ಕೆಟ್ಟ ದಿನವೇ ಇಡೀ ಋತುವಿನ ಫಲಿತಾಂಶವನ್ನು ಕೆಡಿಸಬಲ್ಲದು.

ಈ ಪರೀಕ್ಷೆಯನ್ನು ಪಂಚಾಯತು ಯಾವ ಒಪ್ಪಂದಕ್ಕೂ ಕಾಯದೆ ಶುರುಮಾಡಬಹುದು, ಮಾಡಲೇಬೇಕು ಎಂದು ನಮ್ಮ ಅಭಿಪ್ರಾಯ. ಋತುವಿಗೆ ಕನಿಷ್ಠ 5 ಮಾದರಿ, ಎರಡರ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಬೇಡ. ಜನ ಹೆಚ್ಚು ಇಳಿಯುವ ಜಾಗದಲ್ಲಿ, ಕನಿಷ್ಠ 1 ಮೀಟರ್ ಆಳದ ನೀರಿನಲ್ಲಿ, ಮೇಲ್ಮೈಯಿಂದ 30 ಸೆಂ.ಮೀ. ಕೆಳಗೆ ಶುದ್ಧೀಕರಿಸಿದ ಬಾಟಲಿ ತುಂಬಿಸಿ. ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸು ಇಟ್ಟು ಅದೇ ದಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮುಟ್ಟಿಸಿ. ಪರೀಕ್ಷೆ ಶುರುವಾಗಲು 24 ಗಂಟೆ ದಾಟಬಾರದು.

ಎಡವುವುದು ಎಲ್ಲಿ? ಕಾಲು ಒದ್ದೆಯಾಗುವಷ್ಟರಲ್ಲೇ ಬಾಟಲಿ ಅದ್ದಿದರೆ ಕಲಕಿದ ಮರಳಿನ ಬ್ಯಾಕ್ಟೀರಿಯಾ ಸೇರಿ ಅಂಕಿ ಏರುತ್ತದೆ. ಮಧ್ಯಾಹ್ನ ತೆಗೆದರೆ ಬಿಸಿಲಿಗೆ ಸೂಕ್ಷ್ಮಾಣು ಸತ್ತು ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಪ್ರತಿಸಲ ಬೆಳಗ್ಗೆ ಒಂದೇ ಹೊತ್ತಿಗೆ ತೆಗೆಯಿರಿ. ತೋಡು ಕಡಲಿಗೆ ಸೇರುವ ಬಾಯಿಯನ್ನು ಬಿಟ್ಟು ಮಾದರಿ ತೆಗೆಯುವುದಂತೂ ತೀರಾ ತಪ್ಪು. ಕೊಳೆ ಬರುವುದೇ ಅಲ್ಲಿಂದ, ಅದರಲ್ಲೂ ಇಳಿತದ ಹೊತ್ತಿಗೆ.

ಅಂಕಿ ಮೀರಿದರೆ ತೋಡಿನ ಗುಂಟ ಮೇಲಕ್ಕೆ ಹೋಗಿ ಎರಡು ಮೂರು ಕಡೆ ಮತ್ತೆ ಮಾದರಿ ತೆಗೆಯಿರಿ. ಎಲ್ಲಿಂದ ಕೆಳಗೆ ಅಂಕಿ ಹಠಾತ್ತನೆ ಏರಿದೆಯೋ ಅಲ್ಲಿನ ಹೋಂಸ್ಟೇ, ಹೋಟೆಲುಗಳ ಶೌಚಗುಂಡಿಗಳನ್ನು ಮೊದಲು ನೋಡಿ. ನಮ್ಮ ಮರಳು ನೆಲದಲ್ಲಿ ತಳಕ್ಕೆ ಕಾಂಕ್ರೀಟ್ ಇಲ್ಲದ ಗುಂಡಿಯ ಕೊಳೆ ಬಾವಿಗೂ ಇಳಿಯುತ್ತದೆ.